ರೂಮಿನಲ್ಲಿದ್ದಾರೆ

ಆಗಸ್ಟ್ ತಿಂಗಳು ಮುಗಿಯುತ್ತ ಬಂದಿತ್ತು. ಬೆಳಗಿನ ಏಳು ಗಂಟೆಯ ಹೊತ್ತು. ಹಡಗು ಅಲಾಸ್ಕದ ಕೆಚಿಕನ್ ಊರಿನ ಕಟ್ಟೆಗೆ ತಾಗಿ ನಿಂತು, ಹಗ್ಗ ಬಿಗಿದು, ಇಂಜಿನ್ನಿನ ನಡುಕ ಕಾಲಡಿಯಿಂದ ಸರಿದುಹೋದಾಗ ಆರ್ಡಿಸ್ ಬ್ರೆಕ್ಕೆ ಆಗಲೇ ಕೋಟು ಹಾಕಿಕೊಂಡು ಮಂಚದ ತುದಿಯಲ್ಲಿ ಕೂತಿದ್ದಳು. ಅವಳ ಕೋಣೆಗೆ ಕಿಟಕಿಯಿಲ್ಲ. ಹೊರಗೆ ಮಳೆಯೋ ಬಿಸಿಲೋ ತಿಳಿಯುವಂತಿರಲಿಲ್ಲ, ತಿಳಿದು ಆಗಬೇಕಾದ್ದೂ ಇರಲಿಲ್ಲ. ಒಂಬತ್ತಕ್ಕೆ ಮೊದಲು ಇಲ್ಲಿಂದ ಹೊರಬಿದ್ದರೆ ಸಾಕಾಗಿತ್ತು. ಒಂಬತ್ತಕ್ಕೆ, ಊಟದ ಮೇಜಿನಲ್ಲಿ ಜೊತೆ ಕೂರುವ ಗಾರ್ಲಂಡ್ ಪ್ರೂಯಿಟ್ ಬಂದು ಬಾಗಿಲು ತಟ್ಟುತ್ತಾನೆ. ಅವನ ಜೊತೆ ಒಂದು ವೀಲ್‌ಚೇರ್ ಇರುತ್ತದೆ. ಆ ಕುರ್ಚಿಯಲ್ಲಿ ಕೂರಿಸಿ ಊರು ತೋರಿಸಬೇಕಾದ ಅವಳ ಗಂಡ ಮೆಲ್ವಿನ್ ಈ ಕೋಣೆಯಲ್ಲಿಲ್ಲ. ಈ ಹಡಗಿನಲ್ಲೇ ಇಲ್ಲ.

ಲಿಫ್ಟಿನ ಹತ್ತಿರ ಗಾರ್ಲಂಡ್‌ನ ಹೆಂಡತಿ ಡೊರೀನ್ ಸಿಕ್ಕಿಬಿಡುತ್ತಾಳೆಂದು ಮೆಟ್ಟಿಲಿಳಿದಳು. ಎಪ್ಪತ್ತರ ಮಂಡಿ ಪ್ರತಿ ಮಹಡಿಗೂ ಒಂದು ಮಾತು ಹೇಳುತ್ತಿತ್ತು. ಇಳಿಯುವ ಬಾಗಿಲಲ್ಲಿ ಕಾರ್ಡು ತೋರಿಸಿದಾಗ ಯಂತ್ರ ಟಿಣ್ ಎಂದಿತು, ಕಾವಲಿನವನು ನಗುತ್ತ, "ಒಬ್ಬರೇನಾ ಮೇಡಂ ಇವತ್ತು?" ಅಂದ. ಅವನು ಎಲ್ಲರಿಗೂ ಹಾಗೇ ಅನ್ನುತ್ತಿದ್ದನೇನೋ. ಆದರೂ ಅವಳ ಕಿವಿಯ ತುದಿ ಬಿಸಿಯಾಯಿತು, ತಾನು ಏನನ್ನೋ ಕದ್ದು ಕೋಟಿನೊಳಗೆ ಇಟ್ಟುಕೊಂಡು ಹೊರಟಂತೆ.

ಕದ್ದದ್ದಲ್ಲ, ಸುಳ್ಳು ಹೇಳಿದ್ದೂ ಅಲ್ಲ, ಎಂದು ಕಟ್ಟೆಯ ಮೇಲೆ ನಡೆಯುತ್ತ ತನಗೆ ತಾನೇ ಹೇಳಿಕೊಂಡಳು. ಮಳೆ ಹನಿಯುತ್ತಿತ್ತು, ಹಿಂದೆ ಹಡಗು ಊರಿಗಿಂತ ಎತ್ತರವಾಗಿ, ಬೀದಿಯ ಕೊನೆಗೆ ಬಿಳಿಯ ಗೋಡೆ ಕಟ್ಟಿದ ಹಾಗೆ ನಿಂತಿತ್ತು. ಮೊದಲ ಸಂಜೆ, ಭಾನುವಾರ, ಊಟದ ಮೇಜಿಗೆ ಅವಳನ್ನು ಕೂರಿಸಿದಾಗ ಎದುರಿಗೆ ಡೊರೀನ್ ಇದ್ದಳು, ಆರ್ಕನ್ಸಾದವಳು, ತುಂಬು ತೋಳಿನ ಹೆಂಗಸು, ಶಾಲೆಯ ಮಕ್ಕಳಿಗೆ ಊಟ ಬಡಿಸಿ ಬಡಿಸಿ ಎಲ್ಲರನ್ನೂ ಮಕ್ಕಳೆಂದುಕೊಂಡವಳು. ಮೊದಲ ಮಾತಿನಿಂದಲೇ ಏಕವಚನ. "ಎಲ್ಲಿ ಕಣವ್ವಾ ನಿನ್ನ ಯಜಮಾನ?" ಅಂದಳು, ಆರ್ಡಿಸಳ ಬೆರಳಿನ ಉಂಗುರ ನೋಡಿ. "ರೂಮಲ್ಲಿದ್ದಾರೆ. ಮಲಗಿದ್ದಾರೆ," ಅಂದಳು ಆರ್ಡಿಸ್. ಎರಡು ವರ್ಷದಿಂದ ಅವಳ ಬಾಯಲ್ಲಿ ಕೂತುಬಿಟ್ಟಿದ್ದ ಮಾತು ಅದು. ಉತ್ತರ ಡಕೋಟಾದ ಅವರ ಊರಿನಲ್ಲಿ ದಿನಸಿ ಅಂಗಡಿಯಲ್ಲಿ ಕೇಳಿದರೂ ಅದೇ, ಚರ್ಚಿನ ಕಾಫಿಯ ಹೊತ್ತಿನಲ್ಲಿ ಕೇಳಿದರೂ ಅದೇ. ಅಲ್ಲಿ ಎಲ್ಲರಿಗೂ ಯಾವ ರೂಮೆಂದು ಗೊತ್ತು: ಊರಾಚೆಯ ಆರೈಕೆ ಮನೆ, ನೆನಪು ಹೋದವರ ಸಾಲು, ಬಾಗಿಲ ಮೇಲೆ ಅವರವರ ಯೌವನದ ಫೋಟೋ ಅಂಟಿಸಿದ ರೂಮು. ಇಲ್ಲಿ ಹಡಗೆಂದರೆ ಬರೀ ರೂಮುಗಳೇ. "ಅಯ್ಯೋ ಪಾಪ, ಹೊಟ್ಟೆ ತೊಳಸ್ತಿದ್ಯಾ? ನೀರಿಗಿಳಿದ ಮೊದಲ್ನೇ ದಿನ ಎಲ್ರಿಗೂ ಅದೇ ಕಥೆ. ನಮ್ಮ ಗಾರ್ಲಂಡ್ ಹೋದ ಸಲ ಬಕೆಟ್ ತಬ್ಕೊಂಡೇ ಅಲಾಸ್ಕ ನೋಡಿದ್ದು. ನಾಳೆ ಎದ್ದು ಕೂರ್ತಾನೆ ಬಿಡು," ಅಂದಳು ಡೊರೀನ್. ಆಗ ಒಂದೇ ಒಂದು ಮಾತು ಹೇಳಬೇಕಾಗಿತ್ತು. ಅಷ್ಟರಲ್ಲಿ ಬ್ರೆಡ್ಡು ಬಂತು. ಆರ್ಡಿಸ್ ಬೆಣ್ಣೆ ಸವರಿದಳು, ಮೂಲೆಮೂಲೆಗೂ ಸವರಿದಳು, ಸವರಿ ಮುಗಿಯುವಾಗ ಹೇಳುವ ಹೊತ್ತು ಮೀರಿಹೋಗಿತ್ತು.

ಆಮೇಲೆ ಅದು ತಾನಾಗಿ ಬೆಳೆಯಿತು. ಸೋಮವಾರ ಉಪ್ಪು ಬಿಸ್ಕತ್ತು, ಶುಂಠಿ ಸೋಡಾ. ಮಂಗಳವಾರ, ಬುಧವಾರ ಮಧ್ಯಾಹ್ನ ಕೋಳಿ ಸೂಪು. ಗಾರ್ಲಂಡನೇ ಕೈಯಲ್ಲಿ ಹಿಡಿದು ತಂದು ಬಾಗಿಲ ಹೊರಗೆ ಇಟ್ಟು ಹೋಗುತ್ತಿದ್ದ. ಗಾರ್ಲಂಡ್ ಮಾತಿನವನಲ್ಲ. ಉಪ್ಪು ಬೇಕಾದರೆ ಉಪ್ಪಿನ ಕಡೆ ನೋಡುತ್ತಿದ್ದ, ಡೊರೀನ್ ಎತ್ತಿಕೊಡುತ್ತಿದ್ದಳು. ಆರ್ಡಿಸ್ ಹಡಗಿನ ಮೇಲಿನ ತೆರೆದ ಡೆಕ್ಕಿನಲ್ಲಿ ಕಂಬಳಿ ಹೊದ್ದು, ಆರಾಮಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೋಗಿ, ಇಳಿಹೊತ್ತಿಗೆ ಕೆಳಗೆ ಬಂದರೆ ಬಾಗಿಲ ಬುಡದಲ್ಲಿ ಬಟ್ಟಲು ಕಾದಿರುತ್ತಿತ್ತು, ಮೇಲೆ ಮಡಿಸಿದ ಬಟ್ಟೆ ಮುಚ್ಚಿ. ಅದನ್ನು ಒಳಗೆ ಒಯ್ದು ನಿಂತುಕೊಂಡೇ ಕುಡಿಯುತ್ತಿದ್ದಳು. ಚೆಲ್ಲಲು ಮನಸ್ಸು ಬರುತ್ತಿರಲಿಲ್ಲ. ಆರಿದ ಸೂಪಿನ ಮೇಲೆ ಕಟ್ಟಿದ ಕೊಬ್ಬು ತುಟಿಗೆ ಅಂಟುತ್ತಿತ್ತು. ನೆನ್ನೆ ರಾತ್ರಿ ಊಟ ಮುಗಿಯುವಾಗ ಗಾರ್ಲಂಡ್ ನಾಲ್ಕು ದಿನದ ಮಾತನ್ನೆಲ್ಲ ಸೇರಿಸಿ ಒಟ್ಟಿಗೆ ಆಡಿಬಿಟ್ಟ: "ವೀಲ್‌ಚೇರ್ ಕೇಳಿದ್ದೀನಿ. ಒಂಬತ್ತಕ್ಕೆ ಬರ್ತೀನಿ. ಗಂಡಸು ಇಷ್ಟು ದೂರ ಬಂದು ಗೋಡೆ ನೋಡ್ಕೊಂಡು ವಾಪಸ್ ಹೋಗಬಾರದು."

ಬೀದಿ ತುಂಬ ಹಡಗಿನ ಜನ, ತೆಳು ಪ್ಲಾಸ್ಟಿಕ್ಕಿನ ಮಳೆ ಅಂಗಿಯಲ್ಲಿ, ಸುತ್ತಿಟ್ಟ ತಿಂಡಿಗಳ ಹಾಗೆ. ವಜ್ರದ ಅಂಗಡಿ, ಸಕ್ಕರೆ ಮಿಠಾಯಿ ಅಂಗಡಿ, ಮತ್ತೊಂದು ವಜ್ರದ ಅಂಗಡಿ. ಯಾವುದರೊಳಗೂ ಹೋಗಲಾಗಲಿಲ್ಲ, ಹೊರಗೂ ನಿಲ್ಲಲಾಗಲಿಲ್ಲ. ಗಾಜಿನಲ್ಲಿ ತನ್ನ ಮುಖ ಕಂಡರೆ ಮುಂದಕ್ಕೆ ಹೆಜ್ಜೆ ಹಾಕುತ್ತಿದ್ದಳು. ಈ ಹೊತ್ತಿಗೆ ಅವನು ಬಾಗಿಲು ತಟ್ಟುತ್ತಿರಬೇಕು. ತಟ್ಟಲಿ, ಅಂದುಕೊಂಡಳು. ತಟ್ಟಿ, ಮಲಗಿದ್ದಾರೆ ಎಂದುಕೊಂಡು ಹೋಗಲಿ. ಆದರೆ ನಾಳೆಯಿದೆ, ನಾಡಿದ್ದಿದೆ, ಸಿಯಾಟಲ್‌ನಲ್ಲಿ ಎಲ್ಲರೂ ಸಾಲಾಗಿ ಇಳಿಯುವ ದಿನವಿದೆ. ಅಲ್ಲಿ ಡೊರೀನ್ ಗೇಟಿನಲ್ಲಿ ನಿಂತು, "ಎಲ್ಲವ್ವಾ, ತೋರಿಸು ಸ್ವಲ್ಪ ನಿನ್ನ ರಾಜಕುಮಾರನ್ನ," ಅನ್ನುತ್ತಾಳೆ. ಅದಕ್ಕೂ ಮೊದಲು ಹೇಳಬೇಕು. ಹೇಳುವುದೆಂದರೆ ಗಂಡ ಬಂದಿಲ್ಲ ಎನ್ನುವುದಷ್ಟೇ ಆಗಿದ್ದರೆ ಹೇಳಿಬಿಡಬಹುದಿತ್ತು. ಬಿಟ್ಟು ಬಂದಿದ್ದೀನಿ ಅನ್ನಬೇಕು. ಬಿಟ್ಟು ಬಂದು, ಬಂದ ಮೊದಲ ರಾತ್ರಿಯೇ ಕಲ್ಲು ಬಿದ್ದ ಹಾಗೆ ನಿದ್ದೆ ಮಾಡಿದ್ದೀನಿ ಅನ್ನಬೇಕು. ಅದಕ್ಕಿಂತ ಒಳಗೆ ಇನ್ನೊಂದಿತ್ತು, ಅದು ಹೇಳುವಂಥದ್ದೇ ಅಲ್ಲ. ಬರೀ ಹೊಟ್ಟೆ ಕೆಟ್ಟು ಮಲಗಿದ ಗಂಡ, ನಾಳೆಯೋ ನಾಡಿದ್ದೋ ಗೊಣಗುತ್ತ ಎದ್ದು ಕೂತು ಕಾಫಿ ಕೇಳುವ ಗಂಡ: ಅಂಥವನೊಬ್ಬ ಮತ್ತೆ ಸಿಕ್ಕಿದ್ದ. ಸಂಜೆ ಮೇಜಿನಲ್ಲಿ ಡೊರೀನ್, "ಹೇಗಿದ್ದಾನೆ?" ಅಂದಾಗ, "ಪರವಾಗಿಲ್ಲ, ಸ್ವಲ್ಪ ಸೂಪು ಸೇರಿತು," ಅನ್ನುವಾಗ ಬಾಯಿಗೆ ಸಿಹಿಯಾಗುತ್ತಿತ್ತು.

ಅಂಗಡಿ ಬೀದಿ ಮುಗಿದು, ದೋಣಿ ಕಟ್ಟುವ ಕಡೆಯ ರಸ್ತೆ ಹಿಡಿದಿದ್ದಳು, ಯಾಕೆಂದು ತಿಳಿಯದೆ. ಮೀನಿನ, ಡೀಸೆಲ್ಲಿನ ವಾಸನೆ. ದೋಣಿಯ ಇಂಜಿನ್ನಿನ ಬಿಡಿಭಾಗ ಮಾರುವ ಅಂಗಡಿಯೊಂದರ ಬಾಗಿಲು ತೆರೆದಿತ್ತು. ಗ್ರೀಸಿನ, ರಬ್ಬರಿನ, ರಟ್ಟಿನ ಡಬ್ಬಿಗಳ ವಾಸನೆ ಹೊರಗೆ ಬಂದು ಅವಳ ಕೈ ಹಿಡಿದು ಒಳಗೆ ಎಳೆಯಿತು. ಮೆಲ್ವಿನ್‌ನ ಅಂಗಿಗಳೆಲ್ಲ ಒಗೆದರೂ ಬಿಡದ ವಾಸನೆ. ಟ್ರ್ಯಾಕ್ಟರು, ಕಟಾವು ಯಂತ್ರಗಳ ಅಂಗಡಿಯಲ್ಲಿ ಬಿಡಿಭಾಗದ ಕೌಂಟರಿನ ಹಿಂದೆ ಅವನು ಜೀವಮಾನ ಕಳೆದವನು. ಮದುವೆಗೆ ಮುಂಚೆ ಅವಳು ಫೋನು ಮಾಡಿದರೂ ಅವನ ಬಾಯಿಂದ ಮೊದಲು ಕೇಳಿಬರುತ್ತಿದ್ದದ್ದು ಒಂದೇ ಪದ. ಈಗ ಕೌಂಟರಿನ ಹಿಂದಿನ ಗಡ್ಡದವನು ರಿಂಗಾದ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, "ಪಾರ್ಟ್ಸ್," ಅಂದ, ಸರಿಯಾಗಿ ಹಾಗೆಯೇ, ಬಾಗಿಲು ಅರ್ಧ ತೆರೆದು ನಿಂತವನ ಹಾಗೆ.

ಫೋನಿಟ್ಟು ಅವನು ಅವಳ ಹೊಸ ಬೂಟುಗಳನ್ನು ನೋಡಿದ. "ಹಡಗಿನವರಾ?"

"ಹೌದು."

"ದಾರಿ ತಪ್ಪಿತಾ? ವಜ್ರ ಮಾರೋದು ಆ ಕಡೆ. ಇಲ್ಲಿ ಕೊಟ್ರೆ ಪಂಪಿನ ವಾಷರು ಕೊಡಬಹುದು. ಬೆರಳಿಗೂ ಹಿಡಿಯತ್ತೆ."

"ನಮ್ಮನೇಲಿ ಅದೇ ಇದ್ದದ್ದು ಎಲ್ಲಾ ಕಡೆ," ಅಂದಳು ಆರ್ಡಿಸ್. ಅವನು ನಕ್ಕ. ಅವಳು ನಗಲಿಲ್ಲ, ಹೊರಗೆ ಬಂದು ಸೂರಿನ ಕೆಳಗಿನ ಬೆಂಚಿನ ಮೇಲೆ ಕೂತು ಫೋನು ತೆಗೆದಳು. ಪ್ರತಿ ಬಂದರಿನಲ್ಲೂ ಮಾಡುತ್ತೇನೆಂದು ಹೇಳಿ ಬಂದಿದ್ದಳು. ಜೂನೋದಲ್ಲಿ ಮಾಡಿರಲಿಲ್ಲ, ಸ್ಕಾಗ್ವೆಯಲ್ಲೂ ಮಾಡಿರಲಿಲ್ಲ.

ಆರೈಕೆ ಮನೆಯ ದಾದಿ ಟ್ಯಾಮಿ ತೆಗೆದಳು. "ಓ ಆರ್ಡಿಸ್! ಚೆನ್ನಾಗಿದ್ದಾರೆ ಕಣ್ರೀ. ಬೆಳಿಗ್ಗೆ ಎರಡು ಸಲ ಕೇಳಿ ಹಾಕಿಸ್ಕೊಂಡು ತಿಂದ್ರು."

"ನನ್ನನ್ನ ಕೇಳಿದ್ರಾ?"

"ಇವತ್ತು ಇನ್ನೂ ಇಲ್ಲ," ಅಂದಳು ಟ್ಯಾಮಿ. ಆ 'ಇನ್ನೂ' ಎಂಬುದನ್ನು ಅವಳು ಹುಡುಕಿ ತಂದು ಇಟ್ಟಿದ್ದಳು. ದಯೆಯಿಂದಲೇ ಇಟ್ಟದ್ದು. "ಇರಿ, ಕಿವಿಗೆ ಹಿಡೀತೀನಿ."

ಉಸಿರು ಕೇಳಿಸಿತು. ಆಮೇಲೆ, ಒಂದು ವರ್ಷದಿಂದ ಅವಳು ಕೇಳದಿದ್ದ ಗಟ್ಟಿ ದನಿಯಲ್ಲಿ, "ಪಾರ್ಟ್ಸ್."

"ಮೆಲ್ವಿನ್, ನಾನು."

"ಹೇಳಿ. ಯಾವ ಗಾಡಿ?"

ರಸ್ತೆಯಾಚೆ ಒಬ್ಬ ಬಲೆ ಕೊಡವುತ್ತಿದ್ದ. ಅವಳು ಅವನನ್ನೇ ನೋಡುತ್ತ, "ಕಟಾವು ಯಂತ್ರ," ಅಂದಳು. "ಹಳೇದು. ಬೆಲ್ಟ್ ಹೋಗಿದೆ."

"ಕಟಾವಿನ ಹೊತ್ತಿಗೆ ಸರಿಯಾಗೇ ಹೋಗೋದು ಅವು. ಮೊದಲೇ ನೋಡ್ಕೋಬಾರದಾ? ಬದಲಾಯಿಸಿ ಎಷ್ಟು ದಿನ ಆಯ್ತು?"

"ನಲವತ್ತೊಂದು ವರ್ಷ," ಅಂದಳು, ಮದುವೆಯಾದಂದಿನಿಂದ ಎಣಿಸಿ.

ಅವನು ನಕ್ಕುಬಿಟ್ಟ, ಎದೆಯಿಂದ, ಹಿಂದೆ ನಗುತ್ತಿದ್ದ ಹಾಗೆ. "ಒಂದೇ ಬೆಲ್ಟಲ್ಲಾ? ಗಟ್ಟಿಗಿತ್ತಿ ಕಣಮ್ಮ ನೀವು. ತರಿಸಿ ಕೊಡ್ಬೇಕು. ಸೋಮವಾರ ಬನ್ನಿ. ಹೆಸರು?"

"ಆರ್ಡಿಸ್. ಆರ್ಡಿಸ್ ಬ್ರೆಕ್ಕೆ."

ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು, ಎಲುಬು ನೋಯುವಷ್ಟು. "ಬ್ರೆಕ್ಕೆನಾ?" ಅಂದ ಅವನು. "ನಮ್ಮ ಪೈಕಿನಾ?"

ನಾನು ನಿನ್ನ ಹೆಂಡತಿ ಅನ್ನಬಹುದಿತ್ತು. ಆರೈಕೆ ಮನೆಯಲ್ಲಿ ಎಷ್ಟೋ ಸಲ ಅಂದಿದ್ದಳು. ಅಂದಾಗಲೆಲ್ಲ ಅವನ ಮುಖ ಮುದುಡಿ, ತಾನೇನೋ ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ಕೈ ಹೊಸೆಯಲು ತೊಡಗುತ್ತಿದ್ದ. "ಹೂಂ," ಅಂದಳು. "ದೂರದ ಪೈಕಿ."

"ಹಾಗಾದ್ರೆ ಒಂಚೂರು ಇಳಿಸಿ ಕೊಡೋಣ ಬಿಡಿ. ಇಡ್ತೀನಿ, ಬೇರೆ ಗಿರಾಕಿ ನಿಂತಿದ್ದಾರೆ."

ಫೋನು ಕೋಟಿನ ಜೇಬಿಗೆ ಹೋದ ಮೇಲೂ ಅವಳ ಕೈ ಕಿವಿಯ ಹತ್ತಿರವೇ ಇತ್ತು. ತನ್ನ ಎದುರು ಯಾರೋ ನಿಂತಿದ್ದಾರೆಂದು ಬೂಟುಗಳಿಂದ ಗೊತ್ತಾಯಿತು. ಬೂಟಲ್ಲ, ಹಡಗಿನ ಕೋಣೆಯಲ್ಲಿ ಹಾಕುವ ಬಟ್ಟೆಯ ಚಪ್ಪಲಿ, ನೆಂದು ಕಪ್ಪಾಗಿತ್ತು. ಡೊರೀನ್. ಮಳೆ ಅಂಗಿ ಹಾಕಿರಲಿಲ್ಲ. ಕೂದಲು ನೆತ್ತಿಗೆ ಅಂಟಿಕೊಂಡು ಅವಳ ತಲೆ ಅಷ್ಟು ಚಿಕ್ಕದೆಂದು ಮೊದಲ ಸಲ ಕಾಣಿಸಿತು.

"ಇಲ್ಲಿದ್ದೀರಾ," ಅಂದಳು ಡೊರೀನ್.

ಆ 'ದ್ದೀರಾ' ಎಂಬುದು ಆರ್ಡಿಸಳಿಗೆ ಕೆನ್ನೆಗೆ ತಾಗಿದ ಹಾಗಾಯಿತು. ಎಲ್ಲಾ ತಿಳಿದುಹೋಗಿದೆ ಎಂದು ಅದರಲ್ಲೇ ಇತ್ತು.

"ಊರೆಲ್ಲ ಹುಡುಕಿದೆ," ಅಂದಳು ಡೊರೀನ್, ಬೆಂಚಿನ ಆ ತುದಿಯಲ್ಲಿ ಕೂತು. "ಒಂಬತ್ತಕ್ಕೆ ಹೋದ್ವಿ. ತಟ್ಟಿದ್ವಿ. ಕರೆದ್ವಿ. ಉಸಿರೇ ಇಲ್ಲ ಒಳಗೆ. ನಮ್ಮ ಗಾರ್ಲಂಡ್ ಬಿಳಿಚ್ಕೊಂಡುಬಿಟ್ಟ, ಹೋಗಿಬಿಟ್ಟಿದ್ದಾನೆ ಕಣೇ ಒಳಗೆ ಅಂತ. ಕೋಣೆ ಗುಡಿಸ್ತಾನಲ್ಲ ರೊಮೆಲ್, ಅವನ ಕೈಲಿ ಬಾಗಿಲು ತೆಗೆಸಿದ್ವಿ. ಒಂದು ಮಂಚ. ಒಂದು ದಿಂಬು. ಬಚ್ಚಲು ನೋಡ್ದ ನಮ್ಮ ಗಾರ್ಲಂಡ್. ಅಲ್ಮೇರಾ ತೆಗೆದು ನೋಡ್ದ, ಪಾಪ, ಅಲ್ಲಿ ನಿಮ್ಮ ಸ್ವೆಟರ್ ಇತ್ತು. ರೊಮೆಲ್ ಅಂದ, 'ಈ ರೂಮಲ್ಲಿ ಮೊದಲಿಂದ ಮೇಡಂ ಒಬ್ರೇ ಸರ್.' ನಾನು ನಿಜ ಹೇಳ್ತೀನಿ, ಒಂದು ಗಳಿಗೆ ನನಗೆ ಅನ್ನಿಸ್ತು, ಇವಳು ಗಂಡನ್ನ ಸಮುದ್ರಕ್ಕೆ ಹಾಕಿದ್ದಾಳೆ ಅಂತ."

ಆರ್ಡಿಸ್ ಹೇಳಿದಳು. ಹೇಳಲು ಎಷ್ಟು ಸ್ವಲ್ಪವೇ ಇತ್ತೆಂದರೆ ಅವಳಿಗೇ ನಾಚಿಕೆಯಾಯಿತು: ಆರೈಕೆ ಮನೆ, ಎರಡು ವರ್ಷ, ದಾದಿಯರೇ ಒಂದು ವಾರ ಹೋಗಿ ಬನ್ನಿ ಅಂದದ್ದು. ರೂಮು ಅಂದದ್ದು ಆ ರೂಮು.

"ಒಂದು ಮಾತು ಅವತ್ತೇ ಅಂದಿದ್ರೆ ಆಗ್ತಿತ್ತು."

"ಆಗ್ತಿತ್ತು."

"ಮತ್ತೆ?"

"ನಾಳೆ ಎದ್ದು ಕೂರ್ತಾನೆ ಅಂದ್ರಲ್ಲ ನೀವು. ಕೇಳೋಕೆ ಹಿತವಾಗಿತ್ತು."

ಡೊರೀನ್ ಅವಳನ್ನು ನೋಡಿದಳು. ಚಪ್ಪಲಿ ಕಳಚಿ ನೀರು ಹಿಂಡಿದಳು. "ನಾನು ಹಡಗಿಗೆಲ್ಲ ಹೇಳಿದೀನಿ, ಆ ಮನುಷ್ಯನಿಗೋಸ್ಕರ ಪ್ರಾರ್ಥನೆ ಮಾಡಿ ಅಂತ. ಅದು ಹೋಗ್ಲಿ. ನನಗೆ ಬಾಯಿದೆ, ಇನ್ನೊಂದು ಕಥೆ ಹೇಳಿ ಸರಿಮಾಡ್ಕೋತೀನಿ. ಗಾರ್ಲಂಡ್‌ಗೆ ಆಗಲ್ಲ." ದನಿ ತಗ್ಗಿತು. "ಸೂಪು ಇಟ್ಟು ಬರ್ತೀನಿ ಅಂತ ಹೋದೋನು ಎರಡು ದಿನಾನೂ ಬೇಗ ಬರ್ಲಿಲ್ಲ. ಎಲ್ಲೋ ನಿಂತು ನೀರು ನೋಡ್ತಿರ್ತಾನೆ ಅಂದ್ಕೊಂಡೆ. ಇವತ್ತು ರೊಮೆಲ್ ಹೇಳ್ದ. ನಿಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು ಮಾತಾಡ್ತಿದ್ನಂತೆ. ಒಳಗಡೆ ಗಂಡಸು ಮಲಗಿದ್ದಾನೆ, ಕೇಳಿಸ್ಕೋತಾನೆ ಅಂತ. ಒಂದೊಂದು ಗಂಟೆ. ನನ್ನ ಜೊತೆ, ಇಷ್ಟು ವರ್ಷದಲ್ಲಿ, ನಾನು ಉಪ್ಪು ಕೊಡೋದೇ ಮಾತು. ಏನು ಹೇಳಿದ್ನೋ. ಯಾರ ಬಗ್ಗೆ ಹೇಳಿದ್ನೋ. ಬೆಳಿಗ್ಗೆ ಆ ಖಾಲಿ ಮಂಚದ ಮೇಲೆ ಕೂತು ಎದ್ದೇ ಏಳ್ಲಿಲ್ಲ ಅವನು."

ಆ ಎರಡು ಮಧ್ಯಾಹ್ನ ತಾನು ಮೇಲೆ ಬಾಯಿ ತೆರೆದು ಮಲಗಿದ್ದೆ ಎಂದು ಆರ್ಡಿಸಳಿಗೆ ನೆನಪಾಯಿತು; ಎದ್ದಾಗ ಗಲ್ಲದ ಮೇಲೆ ಜೊಲ್ಲು ಒಣಗಿತ್ತು.

"ನಾನು ಅವನಿಗೆ ಏನೂ ಹೇಳಲ್ಲ," ಅಂದಳು ಡೊರೀನ್ ಏಳುತ್ತ. "ನೀವೇ ಹೇಳ್ಬೇಕು. ಊಟಕ್ಕೆ ಬನ್ನಿ. ಬರದೇ ಇದ್ರೆ ನಾನೇನೂ ಅಂದ್ಕೊಳಲ್ಲ. ಮೇಲುಗಡೆ ತಟ್ಟೆ ಹಿಡ್ಕೊಂಡು ತಿನ್ನೋ ಕಡೆನೂ ಊಟ ಚೆನ್ನಾಗೇ ಇರತ್ತೆ."

ಅಲ್ಲಿಂದ ಮಧ್ಯಾಹ್ನದವರೆಗೆ ಆರ್ಡಿಸ್ ಎಲ್ಲೆಲ್ಲಿ ನಡೆದಳೋ ಅವಳಿಗೇ ಕ್ರಮವಾಗಿ ನೆನಪಿಲ್ಲ. ಹಳ್ಳದ ಮೇಲಿನ ಮರದ ಸೇತುವೆಯಲ್ಲಿ ಜನ ಬಗ್ಗಿ ನಿಂತಿದ್ದರು; ಕೆಳಗೆ ಸಾಲ್ಮನ್ ಮೀನುಗಳು ಕಿಕ್ಕಿರಿದು, ಮೈ ಬಿಳಿಚಿ ತೊಗಲು ಕಿತ್ತುಬರುತ್ತಿದ್ದರೂ ಮೂತಿ ಮೇಲಕ್ಕೇ ಮಾಡಿಕೊಂಡು ಬಾಲ ಆಡಿಸುತ್ತಿದ್ದವು, ಒಂದಂಗುಲವೂ ಮುಂದೆ ಹೋಗದೆ. ನೋಡಲಾಗದೆ ಸರಿದಳು. ವಿಮಾನ ನಿಲ್ದಾಣ ಎದುರಿನ ದ್ವೀಪದಲ್ಲಿತ್ತು. ಅದಕ್ಕೆ ಹೋಗುವ ದೋಣಿ ಬರುತ್ತಿತ್ತು, ಹೋಗುತ್ತಿತ್ತು. ಹತ್ತಿಬಿಡಬಹುದು. ನಾಳೆ ಸಂಜೆಗೆ ಊರಿನಲ್ಲಿರಬಹುದು. ಹೋಗಿ ಆ ರೂಮಿನ ಬಾಗಿಲಲ್ಲಿ ನಿಂತರೆ ಅವನು ತಲೆಯೆತ್ತಿ, ಅಂಗಡಿ ಮುಚ್ಚುವ ಹೊತ್ತಿಗೆ ಬಂದ ಗಿರಾಕಿಯನ್ನು ನೋಡಿದ ಹಾಗೆ ನೋಡುತ್ತಾನೆ. ಅವನಿಗಾಗಿ ಹೋಗುತ್ತಿದ್ದೇನೆಂದು ಹೇಳಿಕೊಂಡು ಗಾರ್ಲಂಡ್‌ನಿಂದ ಓಡುತ್ತಿದ್ದೇನೆ, ಅಂದುಕೊಂಡಳು. ಮೆಲ್ವಿನ್‌ನಿಂದ ಓಡಿ ಇಲ್ಲಿಗೆ, ಇಲ್ಲಿಂದ ಓಡಿ ಅಲ್ಲಿಗೆ. ದೋಣಿ ಇನ್ನೊಂದು ಸಲ ಬಂತು. ಇಳಿದವರ ನಡುವೆ ಸಿಕ್ಕಿ, ತಳ್ಳಿಸಿಕೊಂಡು, ಕ್ಷಮಿಸಿ ಕ್ಷಮಿಸಿ ಅನ್ನುತ್ತ, ಹಡಗಿನ ಬಿಳಿ ಗೋಡೆಯ ಕಡೆಗೆ ತಿರುಗಿದಳು.

ಹಡಗು ಹೊರಟ ಮೇಲೆ, ಊಟದ ಹೊತ್ತಿಗೆ, ನೀಲಿ ಸ್ವೆಟರ್ ಹಾಕಿಕೊಂಡಳು, ತೆಗೆದಳು, ಅಲ್ಮೇರಾದಲ್ಲಿ ಗಾರ್ಲಂಡ್ ನೋಡಿದ್ದು ಅದನ್ನೇ. ಬೇರೆ ಇರಲಿಲ್ಲ. ಮತ್ತೆ ಹಾಕಿಕೊಂಡು ಹೋದಳು. ಗಾರ್ಲಂಡ್ ಆಗಲೇ ಕೂತಿದ್ದ, ಗುಂಡಿ ಕತ್ತಿನವರೆಗೆ ಹಾಕಿಕೊಂಡು, ದೊಡ್ಡ ಕೈಗಳನ್ನು ಮೇಜಿನ ಮೇಲೆ ಬೇರೆ ಯಾರದೋ ಸಾಮಾನಿನ ಹಾಗೆ ಇಟ್ಟುಕೊಂಡು. ಅವಳು ಬಂದದ್ದು ಕಂಡರೂ ಕಣ್ಣೆತ್ತಲಿಲ್ಲ. ಬಡಿಸುವವನು ಓಡಿಬಂದು ಕುರ್ಚಿ ಎಳೆದು, ಪಕ್ಕದ ಮೇಜಿನವರಿಗೂ ಕೇಳುವಂತೆ, "ಸಾಹೇಬ್ರು ಇವತ್ತೂ ಬರ್ಲಿಲ್ವಾ ಮೇಡಂ? ಸೂಪು ಕಳಿಸ್ಲಾ ರೂಮಿಗೆ?" ಅಂದ.

"ಬೇಡಪ್ಪ," ಅಂದಳು ಆರ್ಡಿಸ್. "ಅವರು ಹಡಗಲ್ಲಿಲ್ಲ. ಯಾವತ್ತೂ ಇರ್ಲಿಲ್ಲ. ಸೂಪು ನಾನೇ ಕುಡೀತಿದ್ದೆ."

ಪಕ್ಕದ ಮೇಜಿನಲ್ಲಿ ಒಂದು ಚಮಚ ತಟ್ಟೆಗೆ ತಾಗಿ ನಿಂತಿತು. ಬಡಿಸುವವನು ನಗುವುದೋ ಬೇಡವೋ ತಿಳಿಯದೆ ನೀರು ತರಲು ಹೋದ. ಅವಳು ಗಾರ್ಲಂಡ್‌ನ ಕೈಗಳಿಗೇ ಹೇಳಿದಳು: ಮೆಲ್ವಿನ್ ಎಲ್ಲಿದ್ದಾನೆ, ಹೇಗಿದ್ದಾನೆ, ತಾನು ಯಾಕೆ ಬಾಯಿ ಬಿಡಲಿಲ್ಲ. ನಿಮ್ಮ ಸೂಪು, ನಿಮ್ಮ ವೀಲ್‌ಚೇರು, ಎಲ್ಲಕ್ಕೂ ತಪ್ಪಾಯಿತು ಅಂದಳು. ಬಾಗಿಲಿನ ಮಾತು ಎತ್ತಲಿಲ್ಲ. ಡೊರೀನ್ ಬ್ರೆಡ್ಡು ಮುರಿಯುತ್ತ ಮುರಿಯುತ್ತ ಪುಡಿ ಮಾಡಿದ್ದಳು.

"ಒಳಗೆ ಯಾರೂ ಇರ್ಲಿಲ್ಲ ಹಾಗಾದ್ರೆ," ಅಂದ ಗಾರ್ಲಂಡ್.

"ಇರ್ಲಿಲ್ಲ."

"ಕೆಮ್ಮಿದ್ದು ಕೇಳಿಸ್ತು ನನಗೆ." ಈಗ ಅವನು ಕಣ್ಣೆತ್ತಿದ. ತಿಳಿ ಕಣ್ಣುಗಳು, ಅಂಚಿನಲ್ಲಿ ಕೆಂಪು. "ನೆನ್ನೆ. ನಾನು ಒಂದು ವಿಷಯ ಹೇಳ್ದೆ. ಹೇಳಿ ಸುಮ್ನಾದೆ. ಆಗ ಒಂದ್ಸಲ ಕೆಮ್ಮಿದ್ರು, ಒಳಗಿಂದ. ಆಯ್ತು, ಕೇಳಿಸ್ತು, ಅನ್ನೋ ಹಾಗೆ."

ಮೆಲ್ವಿನ್‌ಗೆ ಕೆಮ್ಮಿತ್ತು. ಮಧ್ಯಾಹ್ನ ಮಲಗಿದಾಗ ಬರುತ್ತಿತ್ತು, ಒಂದೇ ಒಂದು ಸಲ, ಗಂಟಲು ಸರಿಮಾಡಿಕೊಂಡ ಹಾಗೆ. 'ಮಧ್ಯಾಹ್ನ ಕೆಮ್ಮುತ್ತಾರೆ ಅವರು' ಎಂಬ ಮಾತು ಅವಳ ನಾಲಿಗೆಯ ಮೇಲೆ ಬಂದು ಕೂತಿತು. ಅಕ್ಷರಕ್ಕೆ ಅಕ್ಷರ ನಿಜ. ಅಂದುಬಿಟ್ಟರೆ ಈ ಮನುಷ್ಯ ಅದನ್ನು ತನಗೆ ಬೇಕಾದ ಕಡೆ ಇಟ್ಟುಕೊಳ್ಳುತ್ತಾನೆ; ಅವನ ಭುಜ ಇಳಿಯುತ್ತದೆ; ಡೊರೀನ್ ಉಪ್ಪು ಎತ್ತಿಕೊಡುತ್ತಾಳೆ; ಊಟ ನಡೆಯುತ್ತದೆ. ಅವನು ಅದಕ್ಕಾಗಿಯೇ ಕಾಯುತ್ತಿದ್ದ, ಬಟ್ಟಲು ಹಿಡಿದವನ ಹಾಗೆ.

"ಅವರಲ್ಲ," ಅಂದಳು ಆರ್ಡಿಸ್.

ಗಾರ್ಲಂಡ್ ತಲೆಯಾಡಿಸಿದ. ಮಡಿಲ ಮೇಲಿನ ಬಟ್ಟೆ ತೆಗೆದು ಅಂಚಿಗೆ ಅಂಚು ಕೂಡಿಸಿ ಮಡಚಿದ, ಮತ್ತೊಮ್ಮೆ ಮಡಚಿದ, ತಟ್ಟೆಯ ಪಕ್ಕ ಇಟ್ಟು ಅದರ ಮೇಲೆ ಅಂಗೈ ಒತ್ತಿ ಎದ್ದ. ಹಡಗು ಸ್ವಲ್ಪ ಓಲಾಡಿತು. ಕುರ್ಚಿಯ ಬೆನ್ನು ಹಿಡಿದು ನಿಂತು, ಸರಿಹೋದ ಮೇಲೆ ನಡೆದ. ಡೊರೀನ್ ಅರ್ಧ ಎದ್ದವಳು ಅವನ ಬೆನ್ನನ್ನು ಬಾಗಿಲವರೆಗೂ ನೋಡಿ, ಕೂತಳು. ಆರ್ಡಿಸಳ ತಟ್ಟೆಯ ಮೀನಿನಿಂದ ಇನ್ನೂ ಹಬೆಯೇಳುತ್ತಿತ್ತು. "ತಿನ್ನಿ," ಅಂದಳು ಆರ್ಡಿಸಳಿಗೆ, ಅವಳ ಮುಖ ನೋಡದೆ. "ಆರಿಹೋಗತ್ತೆ."

ಡೊರೀನ್ ಗಂಡನ ಹಿಂದೆ ಹೋಗಲಿಲ್ಲ; ಆರ್ಡಿಸಳ ಜೊತೆ ಕೂತು ಊಟ ಮುಗಿಸಿದಳು.